ಕುಡುಗೋಲು ಕಣ ರಕ್ತಹೀನತೆ: ಅಣುವಿನಿಂದ ಅಂಗದವರೆಗೆ

ರೋಗವು ದೇಹದಲ್ಲಿ ಉಂಟುಮಾಡುವ ವಿಕಾರಗಳನ್ನು ಜೀವಕೋಶ, ಅಂಗಾಂಶ ಮತ್ತು ಅಂಗಗಳ ನೆಲೆಯಲ್ಲಿ ಪರಿಶೀಲಿಸುವುದು ರೋಗಶಾಸ್ತ್ರದ ಕಾರ್ಯ. ರೋಗದ ನೆಲೆಯನ್ನು ಜೀವಕೋಶದಲ್ಲಿಯೇ ಅರಸಬೇಕೆಂಬ ವಿಚಾರವನ್ನು ಜರ್ಮನಿಯ ರುಡಾಲ್ಫ್ ವಿರ್ಷೋ 1858ರಲ್ಲಿ ವ್ಯವಸ್ಥಿತವಾಗಿ ಪ್ರತಿಪಾದಿಸಿದರು. ಈ ಮೂರು ನೆಲೆಗಳ ಸಂಬಂಧವನ್ನು ಕುಡುಗೋಲು ಕಣ ರಕ್ತಹೀನತೆಯಷ್ಟು ಸ್ಪಷ್ಟವಾಗಿ ತೋರಿಸುವ ರೋಗಗಳು ವಿರಳ.

ಕುಡುಗೋಲಿನಂತೆ ಬಾಗಿದ ಕೆಂಪು ರಕ್ತಕಣಗಳನ್ನು ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ವರ್ಣಿಸಿದರು. ದೋಷವಿರುವುದು ಹಿಮೋಗ್ಲೋಬಿನ್ ಅಣುವಿನಲ್ಲಿ ಎಂಬುದನ್ನು ಲೈನಸ್ ಪಾಲಿಂಗ್ ಮತ್ತು ಅವರ ಸಹೋದ್ಯೋಗಿಗಳು 1949ರಲ್ಲಿ ತೋರಿಸಿದರು. ಬೀಟಾ ಸರಪಳಿಯ 146 ಅಮೈನೋ ಆಮ್ಲಗಳ ಪೈಕಿ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲಿನ್ ಇರುವುದೇ ಆ ದೋಷವೆಂದು ವರ್ನನ್ ಇಂಗ್ರಾಂ 1957ರಲ್ಲಿ ಪ್ರಕಟಿಸಿದರು. ತಂದೆತಾಯಿಗಳಿಬ್ಬರಿಂದಲೂ ಈ ದೋಷಯುಕ್ತ ವಂಶವಾಹಿ ಬಂದಾಗ ರೋಗವು ಪ್ರಕಟವಾಗುತ್ತದೆ. ಒಬ್ಬರಿಂದ ಮಾತ್ರ ಬಂದಲ್ಲಿ ವ್ಯಕ್ತಿಯು ಸಾಮಾನ್ಯವಾಗಿ ವಾಹಕನಾಗಿ ಉಳಿಯುತ್ತಾನೆ.

ಆಮ್ಲಜನಕವನ್ನು ಬಿಟ್ಟುಕೊಟ್ಟಾಗ ಈ ವಿಕೃತ ಅಣುಗಳು ಒಂದಕ್ಕೊಂದು ಅಂಟಿ ಎಳೆಗಳಾಗುತ್ತವೆ. ಅವುಗಳ ಒತ್ತಡದಿಂದ ಕಣವು ಬಾಗಿ ಬಿರುಸಾಗುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣವು 10ರಿಂದ 20 ದಿನಗಳಲ್ಲಿ ನಾಶವಾಗುವುದರಿಂದ ರಕ್ತಹೀನತೆ ಉಂಟಾಗುತ್ತದೆ. ಬಿರುಸಾದ ಕಣಗಳು ಸೂಕ್ಷ್ಮ ರಕ್ತನಾಳಗಳನ್ನು ಮುಚ್ಚಿದಾಗ ಅಂಗಾಂಶವು ರಕ್ತವಿಲ್ಲದೆ ಸಾಯುತ್ತದೆ. ಮೂಳೆಯಲ್ಲಿ ಅದು ತೀವ್ರ ನೋವಾಗಿ, ಮಿದುಳಿನಲ್ಲಿ ಪಾರ್ಶ್ವವಾಯುವಾಗಿ ತೋರುತ್ತದೆ.

ಗುಲ್ಮದ ಸ್ಥಿತಿ ಇನ್ನೂ ವಿಶಿಷ್ಟವಾದುದು. ಅಲ್ಲಿ ರಕ್ತದ ಹರಿವು ನಿಧಾನ, ಆಮ್ಲಜನಕವೂ ಕಡಿಮೆ; ಆದುದರಿಂದ ಕಣಗಳು ಬಾಗಲು ಅದು ಅನುಕೂಲಕರವಾದ ತಾಣ. ಮೊದಲು ಹಿಗ್ಗಿದ ಗುಲ್ಮವು ಮತ್ತೆ ಮತ್ತೆ ಗಾಯಗೊಂಡು, ಅನೇಕ ರೋಗಿಗಳಲ್ಲಿ ಬಾಲ್ಯದಲ್ಲಿಯೇ ನಾರುಗಟ್ಟಿ ಕುಗ್ಗುತ್ತದೆ. ರಕ್ತದಿಂದ ಬ್ಯಾಕ್ಟೀರಿಯಾಗಳನ್ನು ಸೋಸುವ ಅಂಗವೇ ಇಲ್ಲವಾದಾಗ ನ್ಯೂಮೋಕಾಕಸ್ ಸೋಂಕು ಮಗುವಿಗೆ ಮಾರಕವಾಗಬಲ್ಲದು. ಪ್ರತಿದಿನ ಪೆನಿಸಿಲಿನ್ ನೀಡುವುದರಿಂದ ಈ ಸೋಂಕು 84 ಪ್ರತಿಶತ ತಗ್ಗಿತೆಂದು ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಆದರೆ ರೋಗವು ಮೊದಲೇ ಪತ್ತೆಯಾಗಿದ್ದರೆ ಮಾತ್ರ ಈ ರಕ್ಷಣೆ ಸಾಧ್ಯ.

ಭಾರತದಲ್ಲಿ ಈ ವಂಶವಾಹಿಯ ಇರುವಿಕೆಯನ್ನು 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಲೇಮನ್ ಮತ್ತು ಕಟ್‌ಬುಷ್ ಗುರುತಿಸಿದರು. ಇಲ್ಲಿನ ಅನೇಕ ರೋಗಿಗಳಲ್ಲಿ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ನಿನ ಪ್ರಮಾಣ ಅಧಿಕ. ಅದು ಎಳೆಗಟ್ಟುವಿಕೆಯನ್ನು ತಡೆಯುವುದರಿಂದ ಗುಲ್ಮವು ಬಹುಕಾಲ ಹಿಗ್ಗಿದ ಸ್ಥಿತಿಯಲ್ಲಿಯೇ ಉಳಿಯುವುದುಂಟು. ಆದರೆ ಗಾತ್ರವು ಉಳಿದಿದೆಯೆಂದ ಮಾತ್ರಕ್ಕೆ ಕಾರ್ಯವೂ ಉಳಿದಿದೆಯೆಂದು ಭಾವಿಸುವಂತಿಲ್ಲ. ವಂಶವಾಹಿಯ ದೋಷವು ಒಂದೇ ಆದರೂ ಅಂಗದಲ್ಲಿ ಅದರ ಪರಿಣಾಮ ಬೇರೆ. ಆದುದರಿಂದ ಪರದೇಶದ ರೋಗಿಗಳ ವಿವರಣೆಯನ್ನು ಇಲ್ಲಿನವರಿಗೆ ಯಥಾವತ್ತಾಗಿ ಅನ್ವಯಿಸುವುದು ಉಚಿತವಲ್ಲ.

ಕರ್ನಾಟಕವೂ ಸೇರಿದಂತೆ 17 ರಾಜ್ಯಗಳನ್ನು ಒಳಗೊಂಡ ರಾಷ್ಟ್ರೀಯ ನಿರ್ಮೂಲನಾ ಅಭಿಯಾನವು 2023ರಲ್ಲಿ ಆರಂಭವಾಯಿತು. ಅದರ ರಕ್ತಪರೀಕ್ಷೆಯು ವಂಶವಾಹಿ ಯಾರಲ್ಲಿದೆ ಎಂಬುದನ್ನು ತಿಳಿಸುತ್ತದೆ. ಆ ಮಗುವಿನ ಗುಲ್ಮ, ಮೂಳೆ, ಮಿದುಳುಗಳಲ್ಲಿ ಏನು ನಡೆಯುತ್ತಿದೆ ಎಂಬುದನ್ನು ತಿಳಿಯಲು ವರ್ಷಗಟ್ಟಲೆ ಸಾಗುವ ನಿಗಾ ಅಗತ್ಯ. ಪರೀಕ್ಷೆಯ ಸಾರ್ಥಕತೆ ಇರುವುದು ಈ ಎರಡನೆಯ ಹೊಣೆಯ ನಿರ್ವಹಣೆಯಲ್ಲಿ.