ವಿಲೋಮ ತ್ರಿಕೋನಮಿತಿಯ ವಿಷಯವಾಗಿ ಕೆಲವು ಮಾತುಗಳು

ಕೆಲವು ತಿಂಗಳುಗಳ ಹಿಂದೆ ನಮ್ಮ ಹಿಂದಿನ ವಿದ್ಯಾರ್ಥಿನಿಯೊಬ್ಬರು ತಮ್ಮ ಮಗಳ ಗಣಿತದ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದರು. ಮಗಳು ಹತ್ತನೆಯ ತರಗತಿಯನ್ನು ನಮ್ಮಲ್ಲಿಯೇ ಮುಗಿಸಿ, ಈಗ ಬೇರೊಂದು ಕಡೆಯಲ್ಲಿ ದ್ವಿತೀಯ ಪದವಿಪೂರ್ವ ತರಗತಿಯಲ್ಲಿ ಓದುತ್ತಿರುವವಳು. 150 ಡಿಗ್ರಿಯ ಸೈನನ್ನು ತೆಗೆದುಕೊಂಡು ಅದರ ವಿಲೋಮ ಸೈನನ್ನು ಕಂಡುಹಿಡಿಯಬೇಕೆಂಬ ಪ್ರಶ್ನೆಗೆ ಆಕೆಯು 150 ಡಿಗ್ರಿ ಎಂದು ಉತ್ತರ ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆಯೊಂದು ಎಳೆಯಲ್ಪಟ್ಟಿತ್ತೇ ಹೊರತು ತಪ್ಪೇನೆಂಬದು ಬರೆಯಲ್ಪಟ್ಟಿರಲಿಲ್ಲ. "ಟೀಚರೇ, ಹೋದ ದಾರಿಯಲ್ಲಿಯೇ ಹಿಂದಿರುಗಿದರೆ ಹೊರಟ ಮನೆಗೇ ಬರಬೇಕಲ್ಲವೇ? ಇದರಲ್ಲಿ ತಪ್ಪೇನು? ಇವಳು ಇನ್ನು ಗಣಿತವೇ ಬೇಡವೆಂದು ಕೂತಿದ್ದಾಳೆ" ಎಂದು ಆ ತಾಯಿ ಕೇಳಿದರು.

ಅವರ ಪ್ರಶ್ನೆಯು ನ್ಯಾಯವಾದದ್ದೇ. ಅಂದು ಅರ್ಧ ಗಂಟೆಯ ಹೊತ್ತಿನಲ್ಲಿ ನಾನು ಅವರಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ. ಯಾಕಂದರೆ ಇದೇ ಕೆಂಪು ಗೆರೆಯನ್ನು ಕಂಡು ತಮ್ಮ ಬುದ್ಧಿಯ ಮೇಲೆಯೇ ಸಂಶಯಪಡುವ ಹೆಣ್ಣುಮಕ್ಕಳು ಪ್ರತಿವರ್ಷವೂ ಇದ್ದಾರೆ, ಮತ್ತು ಅವರ ಹೆತ್ತವರಲ್ಲಿ ಅನೇಕರು ನಮ್ಮ ಬೆಂಚುಗಳಲ್ಲಿಯೇ ಕೂತು ತ್ರಿಕೋನಮಿತಿಯನ್ನು ಕಲಿತವರು.

ವಿಲೋಮವೆಂಬ ಶಬ್ದವು ಕಠಿನವಾಗಿ ಕೇಳಿಸಿದರೂ ಅದರ ಕೆಲಸವು ಪರಿಚಿತವಾದದ್ದು. ಹಂಚಿನ ಮಾಡನ್ನು ಕಟ್ಟುವ ಬಡಗಿಯು ಹತ್ತು ಅಡಿ ಅಗಲಕ್ಕೆ ಐದು ಅಡಿ ಎತ್ತರವೆಂದು ಲೆಕ್ಕ ಹಾಕಿ ಪಕ್ಕಾಸುಗಳನ್ನು ಇಡುತ್ತಾನೆ. ಅವನಿಗೆ ಡಿಗ್ರಿಯ ಗೊಡವೆಯಿಲ್ಲ. ಆ ಇಳಿಜಾರಿನ ಕೋನವನ್ನು ನಾವು ತಿಳಿಯಬೇಕೆಂದಿದ್ದರೆ, ಎತ್ತರವನ್ನು ಅಗಲದಿಂದ ಭಾಗಿಸಿ, ಬಂದ ಅರ್ಧವು ಯಾವ ಕೋನದ ಟ್ಯಾನ್ಜೆಂಟ್ ಎಂದು ಕೇಳಬೇಕು. ಉತ್ತರವು 26 ಡಿಗ್ರಿ 34 ಮಿನಿಟು. ಹತ್ತನೆಯ ತರಗತಿಯಲ್ಲಿ ಕೋನವನ್ನು ಕೊಟ್ಟು ಮರದ ಎತ್ತರವನ್ನು ಕೇಳುತ್ತಾರೆ. ಇಲ್ಲಿ ಅಳತೆಗಳನ್ನು ಕೊಟ್ಟು ಕೋನವನ್ನು ಕೇಳುತ್ತಾರೆ. ವಿಲೋಮ ಟ್ಯಾನ್ಜೆಂಟ್ ಅರ್ಧ ಎಂದರೆ "ಟ್ಯಾನ್ಜೆಂಟು ಅರ್ಧವಾಗಿರುವ ಕೋನ" ಎಂದಷ್ಟೇ ಅರ್ಥ.

ಹಿಂದೆ ಈ ಪ್ರಶ್ನೆಗೆ ಉತ್ತರವನ್ನು ಲಾಗ್ ಟೇಬಲ್ ಪುಸ್ತಕದಲ್ಲಿ ಹುಡುಕುತ್ತಿದ್ದೆವು. ಕೋನದಿಂದ ಸಂಖ್ಯೆಗೆ ಹೋಗುವ ಬದಲಾಗಿ ಸಂಖ್ಯೆಯ ಮೇಲೆ ಬೆರಳಿಟ್ಟು, ಸಾಲಿನ ಎಡತುದಿಗೆ ಬಂದು ಕೋನವನ್ನು ಓದುವದು. ಅಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಆ ಪುಸ್ತಕವು ನಮ್ಮಿಂದ ಒಂದು ಸಂಗತಿಯನ್ನು ಮರೆಮಾಡಿತ್ತು. ಅದರ ಸಾಲುಗಳು 0 ಡಿಗ್ರಿಯಿಂದ ಹೊರಟು 90 ಡಿಗ್ರಿಯಲ್ಲಿ ನಿಂತುಬಿಡುತ್ತಿದ್ದವು. ಅಷ್ಟರೊಳಗೆ ಒಂದು ಸಂಖ್ಯೆಗೆ ಒಂದೇ ಕೋನ. ಆದದರಿಂದ ಎರಡನೆಯ ಉತ್ತರವೊಂದು ಇರಬಹುದೆಂಬ ಯೋಚನೆಯೇ ನಮಗೆ ಬರಲಿಲ್ಲ. ಈಗಿನ ಮಕ್ಕಳಾದರೋ 90 ಡಿಗ್ರಿಯನ್ನು ದಾಟಿ, ಋಣಕೋನಗಳನ್ನೂ ಸೇರಿಸಿಕೊಂಡು ಕಲಿಯುತ್ತಾರೆ. ಅಲ್ಲಿ 30 ಡಿಗ್ರಿಯ ಸೈನ್ ಅರ್ಧ, 150 ಡಿಗ್ರಿಯದೂ ಅರ್ಧ, 390 ಡಿಗ್ರಿಯದೂ ಅರ್ಧ. ಹೀಗೆ ಎಣಿಸುತ್ತ ಹೋದರೆ ಕೊನೆಯೇ ಇಲ್ಲ.

ಇದನ್ನು ನಾನು ಬೋರ್ಡಿಂಗಿನ ಹುಡುಗಿಯರ ದೃಷ್ಟಾಂತದಿಂದ ತಿಳಿಸುವದುಂಟು. ಹಾಜರಿ ಪುಸ್ತಕದಲ್ಲಿ ಒಬ್ಬೊಬ್ಬ ಹುಡುಗಿಯ ಹೆಸರಿನ ಮುಂದೆಯೂ ಒಂದೇ ಊರು ಬರೆದಿರುತ್ತದೆ. "ನಿನ್ನ ಊರು ಯಾವುದು?" ಎಂದರೆ ಗೊಂದಲವಿಲ್ಲ. ಆದರೆ "ಕಾರ್ಕಳದವಳು ಎದ್ದು ನಿಲ್ಲಲಿ" ಎಂದು ಕರೆದರೆ ಐವರು ಏಳುವರು. ಕರೆದಾಗ ಒಬ್ಬಳೇ ಬರಬೇಕಾದರೆ ಪ್ರತಿಯೊಂದು ಊರಿಗೆ ಒಬ್ಬ ನಾಯಕಿಯನ್ನು ಮೊದಲೇ ಆರಿಸಿಡಬೇಕು. ಯಾವ ಊರೂ ಬಿಟ್ಟುಹೋಗಬಾರದು. ಒಂದೇ ಊರಿನಿಂದ ಇಬ್ಬರು ಇರಬಾರದು. ಗಣಿತದಲ್ಲಿ ಉತ್ಪನ್ನವೆಂದು ಕರೆಯಿಸಿಕೊಳ್ಳಬೇಕಾದರೆ ಒಂದು ಪ್ರಶ್ನೆಗೆ ಒಂದೇ ಉತ್ತರವಿರತಕ್ಕದ್ದು. ಆದಕಾರಣ ಗಣಿತಜ್ಞರೂ ಇಂಥ ನಾಯಕಿಯರನ್ನು ಆರಿಸಿದ್ದಾರೆ. ಅದಕ್ಕೆ ಪ್ರಧಾನ ಮೌಲ್ಯವೆಂದು ಹೆಸರು.

ಸೈನಿಗೆ ಋಣ 90 ಡಿಗ್ರಿಯಿಂದ 90 ಡಿಗ್ರಿಯ ವರೆಗಿನ ಕೋನಗಳನ್ನು ಆರಿಸಿದರು. ಅಷ್ಟರಲ್ಲಿ ಸೈನಿನ ಬೆಲೆಯು ಋಣ 1ರಿಂದ 1ರ ವರೆಗೆ ಒಂದೊಂದೇ ಸಾರಿ ಬರುತ್ತದೆ. ಕೊಸೈನಿಗೂ ಅದೇ ಗಡಿಯನ್ನು ಯಾಕೆ ಇಡಲಿಲ್ಲವೆಂದು ಮಕ್ಕಳು ಕೇಳುತ್ತಾರೆ, ಕೇಳತಕ್ಕದ್ದೇ. 60 ಡಿಗ್ರಿಗೂ ಋಣ 60 ಡಿಗ್ರಿಗೂ ಕೊಸೈನ್ ಒಂದೇ ಆಗಿರುವದರಿಂದ ಒಂದು ಊರಿಗೆ ಇಬ್ಬರು ನಾಯಕಿಯರಾಗುವರು. ಋಣ ಬೆಲೆಗಳಿಗಾದರೋ ಒಬ್ಬಳೂ ಸಿಕ್ಕಲಾರಳು. ಆದದರಿಂದ ಕೊಸೈನಿಗೆ 0ಯಿಂದ 180 ಡಿಗ್ರಿಯ ವರೆಗೆ ಎಂದು ಗೊತ್ತುಮಾಡಿದರು. ಟ್ಯಾನ್ಜೆಂಟಿಗೆ ಸೈನಿನ ಗಡಿಯೇ, ಆದರೆ ಎರಡು ತುದಿಗಳನ್ನು ಬಿಟ್ಟು. 90 ಡಿಗ್ರಿಗೆ ಟ್ಯಾನ್ಜೆಂಟೇ ಇಲ್ಲವಷ್ಟೆ. ಉಳಿದ ಮೂರರಲ್ಲಿ ಕೊಟ್ಯಾನ್ಜೆಂಟ್, ಸೀಕೆಂಟ್‌ಗಳ ಗಡಿಗಳು ಎಲ್ಲ ಪುಸ್ತಕಗಳಲ್ಲಿಯೂ ಒಂದೇ ಬಗೆಯಾಗಿಲ್ಲ. ಇದು ಪ್ರಕೃತಿಯ ನಿಯಮವಲ್ಲ, ಮನುಷ್ಯರು ಮಾಡಿಕೊಂಡ ಒಪ್ಪಂದವೆಂಬದು ಅದರಿಂದಲೇ ತಿಳಿಯುತ್ತದೆ. ಪರೀಕ್ಷೆಗೆ ಹೋಗುವವಳು ತನ್ನ ಪುಸ್ತಕದ ಒಪ್ಪಂದವನ್ನು ಹಿಡಿದುಕೊಳ್ಳಲಿ.

ಇನ್ನು ಆ ಹುಡುಗಿಯ 150 ಡಿಗ್ರಿಗೆ ಬರೋಣ. ಆಕೆ ಹೊರಟದ್ದು 150ರಿಂದ, ಸೇರಿದ್ದು ಅರ್ಧಕ್ಕೆ. ಆ ಅರ್ಧಕ್ಕೆ ತಾನು ಎಲ್ಲಿಂದ ಬಂದೆನೆಂಬ ನೆನಪಿಲ್ಲ. "ಅರ್ಧದ ನಾಯಕಿ ಯಾರು?" ಎಂದು ಕೇಳಿದರೆ ಗಡಿಯೊಳಗಿರುವ 30 ಡಿಗ್ರಿಯೇ ಎದ್ದು ಬರುವದು. ಹಿಂದಿರುಗಿದರೆ ಹೊರಟ ಮನೆಗೇ ಬರುತ್ತೇವೆಂಬ ತಾಯಿಯ ಮಾತು ಗಡಿಯೊಳಗಿನಿಂದ ಹೊರಟವರಿಗೆ ಮಾತ್ರ ನಿಜ. ಇದೇ ರೀತಿಯಾಗಿ 135 ಡಿಗ್ರಿಯ ಟ್ಯಾನ್ಜೆಂಟಿನ ವಿಲೋಮ ಟ್ಯಾನ್ಜೆಂಟು ಋಣ 45 ಡಿಗ್ರಿ. 240 ಡಿಗ್ರಿಯ ಕೊಸೈನಿನ ವಿಲೋಮ ಕೊಸೈನು 120 ಡಿಗ್ರಿ. ಮೊಬೈಲ್ ಫೋನಿನ ಲೆಕ್ಕಯಂತ್ರವೂ ಈ ಒಪ್ಪಂದದಂತೆಯೇ ಉತ್ತರ ಕೊಡುತ್ತದೆ. ಅದರಲ್ಲಿ 2ರ ವಿಲೋಮ ಸೈನನ್ನು ಕೇಳಿದರೆ ತಪ್ಪೆಂದು ತೋರಿಸುವದು, ಯಾಕಂದರೆ ಸೈನ್ 2 ಆಗಿರುವ ಊರೇ ಇಲ್ಲ.

ಹೀಗೆ ಎರಡರಲ್ಲಿ ಒಂದನ್ನು ಆರಿಸುವದು ಹೊಸ ಕಾಲದವರ ಹಟವಲ್ಲ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಭಾಗವಾಗಿರುವ ಲೀಲಾವತಿಯಲ್ಲಿ, ವೃತ್ತದ ಚಾಪದಿಂದ ಜ್ಯಾವನ್ನು ಕಂಡುಹಿಡಿಯುವ ಸೂತ್ರವಾದ ಮೇಲೆ ಜ್ಯಾದಿಂದ ಚಾಪಕ್ಕೆ ಹಿಂದಿರುಗುವ ಸೂತ್ರವನ್ನೂ ಹೇಳಿದ್ದಾನೆ. ಗ್ರಂಥಕ್ಕೆ ಮಗಳ ಹೆಸರನ್ನಿಟ್ಟನೆಂಬದು ಐತಿಹ್ಯ. ಸೂತ್ರವಂತೂ ನಮ್ಮ ಕೈಯಲ್ಲಿದೆ. ಜ್ಯಾವನ್ನು ಪರಿಧಿಯ ವರ್ಗದಿಂದಲೂ 5ರಿಂದಲೂ ಗುಣಿಸಿ 4ರಿಂದ ಭಾಗಿಸಬೇಕು. ಬಂದದ್ದನ್ನು, ವ್ಯಾಸದ ನಾಲ್ಕರಷ್ಟಕ್ಕೆ ಜ್ಯಾವನ್ನು ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಈ ಫಲವನ್ನು ಪರಿಧಿಯ ವರ್ಗದ ಕಾಲುಭಾಗದಿಂದ ಕಳೆದು, ಉಳಿದದ್ದರ ವರ್ಗಮೂಲವನ್ನು ಪರಿಧಿಯ ಅರ್ಧದಿಂದ ಕಳೆದರೆ ಚಾಪವು ದೊರಕುವದು. ಸೂತ್ರವು ಸ್ಥೂಲವಾದದ್ದು, ಆದರೆ ಬಹಳ ಹತ್ತಿರಕ್ಕೆ ಬರುತ್ತದೆ.

ಅವನ ಉದಾಹರಣೆಯಲ್ಲಿ ವ್ಯಾಸವು 240, ಪರಿಧಿಗೆ 18 ಸಮಭಾಗಗಳು. ಜ್ಯಾ 120 ಇದ್ದರೆ ಚಾಪವೆಷ್ಟು? ಪರಿಧಿಯನ್ನು 18 ಎಂದಿಟ್ಟರೆ ಅದರ ವರ್ಗ 324. ಅದನ್ನು 120ರಿಂದಲೂ 5ರಿಂದಲೂ ಗುಣಿಸಿ 4ರಿಂದ ಭಾಗಿಸಿದರೆ 48,600. ವ್ಯಾಸದ ನಾಲ್ಕರಷ್ಟು 960. ಜ್ಯಾ ಸೇರಿ 1,080. ಭಾಗಿಸಿದರೆ 45. 324ರ ಕಾಲುಭಾಗವಾದ 81ರಿಂದ 45ನ್ನು ಕಳೆದರೆ 36. ಅದರ ವರ್ಗಮೂಲ 6. ಅರ್ಧಪರಿಧಿ 9ರಿಂದ 6ನ್ನು ಕಳೆದರೆ 3. ಹದಿನೆಂಟರಲ್ಲಿ ಮೂರು, ಅಂದರೆ 60 ಡಿಗ್ರಿ. ಇಲ್ಲಿ ಉತ್ತರವು ಸ್ಥೂಲವೂ ಅಲ್ಲ, ಸರಿಯಾಗಿಯೇ ಇದೆ. ಆದರೆ ವರ್ಗಮೂಲವನ್ನು ಕಳೆಯುವದಕ್ಕೆ ಬದಲಾಗಿ ಕೂಡಿಸಿದ್ದರೆ 15 ಬರುತ್ತಿತ್ತು. ಅದೂ ಸುಳ್ಳಲ್ಲ, ಒಂದು ಜ್ಯಾವು ವೃತ್ತವನ್ನು ಎರಡು ಚಾಪಗಳಾಗಿ ಕಡಿಯುತ್ತದೆ, 15 ಎಂಬದು ಆಚೆಯ ದೊಡ್ಡ ಚಾಪ. ಆಚಾರ್ಯನು ಕಳೆಯಬೇಕೆಂದು ಹೇಳಿ ಸಣ್ಣ ಚಾಪವನ್ನೇ ಆರಿಸಿಕೊಂಡನು. ನಮ್ಮ ಹುಡುಗಿ ಬರೆದ 150ಕ್ಕೂ ಪರೀಕ್ಷಕರು ಬಯಸಿದ 30ಕ್ಕೂ ಇರುವ ಸಂಬಂಧವು ಇದೇ ಜಾತಿಯದು. ಇದನ್ನು ಕೇಳಿದಾಗ ಆ ತಾಯಿಯ ಮುಖವು ಸ್ವಲ್ಪ ತಿಳಿಯಾಯಿತು.

ಇನ್ನೊಂದು ಎಡವುಗಲ್ಲು ಬರವಣಿಗೆಯಲ್ಲಿ ಉಂಟು. ಸೈನಿನ ಬಲಗಡೆಯಲ್ಲಿ ಮೇಲೆ 2 ಎಂದು ಬರೆದರೆ ಸೈನಿನ ವರ್ಗ. ಅಲ್ಲಿಯೇ ಋಣ 1 ಎಂದು ಬರೆದರೆ ಮಾತ್ರ ಅದು 1ನ್ನು ಸೈನಿನಿಂದ ಭಾಗಿಸಿದ್ದಲ್ಲ, ವಿಲೋಮ ಸೈನ್. ಈ ಸಂಕೇತವನ್ನು 1813ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಜಾನ್ ಹರ್ಷೆಲ್. ಅವನ ಬುದ್ಧಿಯನ್ನು ಅಲ್ಲಗಳೆಯುವದಿಲ್ಲ, ಆದರೆ ಮಕ್ಕಳಿಗೆ ಅದರಿಂದಾದ ಕಷ್ಟವು ಸಣ್ಣದಲ್ಲ. ಆರ್ಕ್ ಸೈನ್ ಎಂಬ ಇನ್ನೊಂದು ಹೆಸರು ನನಗೆ ಹೆಚ್ಚು ಮೆಚ್ಚಿಕೆ. ಆರ್ಕ್ ಎಂದರೆ ನಮ್ಮ ಜ್ಯೋತಿಷಿಗಳ ಚಾಪವೇ.

ಅಭ್ಯಾಸದ ವಿಷಯದಲ್ಲಿ ನನ್ನ ಬುದ್ಧಿವಾದ ಬಹಳವಿಲ್ಲ. ಸೂತ್ರಗಳ ಪಟ್ಟಿಯನ್ನು ಕಂಠಪಾಠ ಮಾಡುವದಕ್ಕೆ ಮುಂಚೆ ಚಿತ್ರವನ್ನು ಬರೆಯಬೇಕು. ವಿಲೋಮ ಸೈನ್ ಐದರಲ್ಲಿ ಮೂರು ಎಂದು ಕಂಡಕೂಡಲೆ, ಅಭಿಮುಖ ಬಾಹು 3, ವಿಕರ್ಣ 5 ಇರುವ ಲಂಬಕೋನ ತ್ರಿಭುಜವನ್ನು ಎಳೆದರೆ ಮೂರನೆಯ ಬಾಹು 4 ಎಂದು ತಾನೇ ತಿಳಿಯುತ್ತದೆ. ಆ ಕೋನದ ಕೊಸೈನ್ ಐದರಲ್ಲಿ ನಾಲ್ಕು; ಕೋನವು ಎಷ್ಟು ಡಿಗ್ರಿಯೆಂದು ತಿಳಿಯುವ ಅಗತ್ಯವೇ ಇಲ್ಲ. ಅದೇ ಚಿತ್ರದ ಇನ್ನೊಂದು ಮೂಲೆಯನ್ನು ನೋಡಿದರೆ, ಸೈನ್ ಐದರಲ್ಲಿ ಮೂರಾಗಿರುವ ಕೋನವೂ ಐದರಲ್ಲಿ ನಾಲ್ಕಾಗಿರುವ ಕೋನವೂ ಕೂಡಿ 90 ಡಿಗ್ರಿಯಾಗುವದು ಕಣ್ಣಿಗೆ ಕಾಣುತ್ತದೆ.

ಕೂಡಿಸುವ ಲೆಕ್ಕಗಳಲ್ಲಂತೂ ಚಿತ್ರವಿಲ್ಲದೆ ಮುಂದೆ ಹೋಗಬಾರದು. ವಿಲೋಮ ಟ್ಯಾನ್ಜೆಂಟ್ 2, ವಿಲೋಮ ಟ್ಯಾನ್ಜೆಂಟ್ 3, ಇವೆರಡನ್ನೂ ಕೂಡಿಸಿರೆಂದರೆ ಮಕ್ಕಳು ಸೂತ್ರದಂತೆ 2 ಮತ್ತು 3ರ ಮೊತ್ತವಾದ 5ನ್ನು, 1ರಿಂದ ಅವುಗಳ ಗುಣಲಬ್ಧವಾದ 6ನ್ನು ಕಳೆದು ಬಂದ ಋಣ 5ರಿಂದ ಭಾಗಿಸಿ, ಋಣ 1 ಎಂದು ಪಡೆದು, ಋಣ 45 ಡಿಗ್ರಿ ಎಂದು ಬರೆದುಬಿಡುತ್ತಾರೆ. ಎರಡು ಧನಕೋನಗಳು ಕೂಡಿ ಋಣಕೋನವಾಗುವದು ಹೇಗೆ? ಎರಡೂ 45 ಡಿಗ್ರಿಯನ್ನು ಮೀರಿದವುಗಳು. ಮೊತ್ತವು 90ನ್ನು ದಾಟಲೇಬೇಕು. ಟ್ಯಾನ್ಜೆಂಟು ಋಣ 1 ಆಗಿ, 90ಕ್ಕೂ 180ಕ್ಕೂ ನಡುವೆ ಇರುವ ಕೋನವು 135 ಡಿಗ್ರಿ. ಇಲ್ಲಿ ಸೂತ್ರವು ನಾಯಕಿಯನ್ನು ಕರೆದುಕೊಟ್ಟಿತು. ನಮಗೆ ಬೇಕಾದವಳು ಅದೇ ಊರಿನ ಇನ್ನೊಬ್ಬಳು.

ನಂಬಿಕೆ ಬಾರದವರು ಒಂದು ಚೌಕುಳಿ ಕಾಗದವನ್ನು ತೆಗೆದುಕೊಳ್ಳಲಿ. ಐದು ಮನೆ ಉದ್ದದ ತಳಗೆರೆಯನ್ನು ಎಳೆದು, ಎಡತುದಿಯಿಂದ ಮೂರು ಮನೆ ಸರಿದು, ಅಲ್ಲಿಂದ ನೇರವಾಗಿ ಆರು ಮನೆ ಮೇಲಕ್ಕೆ ಒಂದು ಬಿಂದುವನ್ನಿಟ್ಟು, ಅದನ್ನು ಎರಡು ತುದಿಗಳಿಗೂ ಸೇರಿಸಲಿ. ಎಡಮೂಲೆಯಲ್ಲಿ ಮೂರಕ್ಕೆ ಆರು, ಟ್ಯಾನ್ಜೆಂಟ್ 2. ಬಲಮೂಲೆಯಲ್ಲಿ ಎರಡಕ್ಕೆ ಆರು, ಟ್ಯಾನ್ಜೆಂಟ್ 3. ಮೇಲಿನ ಮೂಲೆಯನ್ನು ಕೋನಮಾಪಕದಿಂದ ಅಳೆದರೆ 45 ಡಿಗ್ರಿ. ತ್ರಿಭುಜದ 180ರಲ್ಲಿ ಅದನ್ನು ಕಳೆದರೆ ಉಳಿದ ಎರಡಕ್ಕೆ 135. ಆ ಹುಡುಗಿಯು ಇದನ್ನು ನನ್ನ ಮೇಜಿನ ಮೇಲೆಯೇ ಎಳೆದು ಅಳೆದಳು. ಆಮೇಲೆ ನಾನು ಹೇಳದೆ ಇದ್ದರೂ, ಬಿಂದುವಿನಿಂದ ತಳಕ್ಕೆ ಲಂಬವನ್ನಿಳಿಸಿ, ಮೇಲಿನ ಮೂಲೆಯು ಟ್ಯಾನ್ಜೆಂಟ್ ಎರಡರಲ್ಲೊಂದು, ಮೂರರಲ್ಲೊಂದು ಆಗಿರುವ ಎರಡು ಕೋನಗಳಾಗಿ ಒಡೆಯುತ್ತದೆಂದು ತೋರಿಸಿ, ಆ ಎರಡನ್ನು ಸೂತ್ರದಿಂದ ಕೂಡಿಸಿ ನೋಡಿದಳು. ಸರಿಯಾಗಿ 1 ಬಂತು.