ಲಿಫ್ಟ್ ಆಕ್ಸಲ್ ಗಾಳಿ ಸೋರುತ್ತಿದೆಯಾ? ಬೆಲ್ಲೋ ಬದಲಿಸುವ ಮುಂಚೆ ಇಷ್ಟು ನೋಡ್ರಿ

ಸಿಂಧನೂರು ಭಾಗದಲ್ಲಿ ಭತ್ತದ ಕಟಾವು ಶುರುವಾದರೆ ಲಾರಿಗಳಿಗೆ ಪುರುಸೊತ್ತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಿಂದ ಕಾರಟಗಿ, ಗಂಗಾವತಿ ಕಡೆಯ ರೈಸ್ ಮಿಲ್‌ಗಳಿಗೆ ಲೋಡು ಹೋಗುತ್ತಲೇ ಇರುತ್ತದೆ. ಸಾಲ ಮಾಡಿ ಹಳೆ ಲಾರಿ ತಗೊಂಡ ರೈತರ ಮಕ್ಕಳಿಗೆ ಕಂತು ಕಟ್ಟುವ ದುಡ್ಡು ಹುಟ್ಟುವುದೂ ಇದೇ ದಿನಗಳಲ್ಲಿ. ಅಂಥ ಹೊತ್ತಿನಲ್ಲಿ ಲಿಫ್ಟ್ ಆಕ್ಸಲ್ ಕೈಕೊಟ್ಟರೆ ಮೊದಲು ಕೇಳಿಬರುವ ಮಾತು, “ಬೆಲ್ಲೋ ಹೋಗ್ಯಾದ, ಬದಲ್ ಮಾಡ್ಬೇಕು.” ಹೋಗಿರಲೂಬಹುದು. ಆದರೆ ಪೈಪಿನ ಒಂದು ಜಾಯಿಂಟ್ ಸಡಿಲಾದರೂ ಲಕ್ಷಣ ಹೀಗೇ ಇರುತ್ತದೆ.

ಬೆಲ್ಲೋ ಅಂದರೆ ದಪ್ಪ ರಬ್ಬರಿನ ಗಾಳಿ ಚೀಲ. ಬಹಳಷ್ಟು ಲಾರಿಗಳಲ್ಲಿ ಇದು ಎರಡು ಬಗೆ: ಒಂದು ಆಕ್ಸಲನ್ನು ಮೇಲೆತ್ತುತ್ತದೆ, ಇನ್ನೊಂದು ಕೆಳಕ್ಕೆ ಒತ್ತಿ ಅದರ ಮೇಲೆ ಲೋಡು ಹೊರಿಸುತ್ತದೆ. ಬ್ರೇಕಿಗೆ ಗಾಳಿ ಕೊಡುವ ಕಂಪ್ರೆಸರೇ ಇವಕ್ಕೂ ಕೊಡುತ್ತದೆ.

ಆಕ್ಸಲ್ ಮೇಲೇಳದಿದ್ದರೆ ಖಾಲಿ ಗಾಡಿಯಲ್ಲಿ ಟೈರ್ ಸುಮ್ಮನೆ ಸವೆಯುತ್ತದೆ, ಅಷ್ಟೇ. ಕಣ್ಣಿಗೆ ಕಾಣದ ತೊಂದರೆ ಇನ್ನೊಂದಿದೆ. ಒತ್ತುವ ಬೆಲ್ಲೋದಲ್ಲಿ ಗಾಳಿ ಕಡಿಮೆಯಾದರೆ ಆಕ್ಸಲ್ ಕೆಳಗೇ ಇರುತ್ತದೆ, ಟೈರ್ ನೆಲಕ್ಕೂ ತಾಗಿರುತ್ತದೆ, ಆದರೆ ಭಾರ ಹೊರುವುದಿಲ್ಲ. ಎಲ್ಲ ಭಾರ ಪಕ್ಕದ ಆಕ್ಸಲ್ ಮೇಲೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂದು ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು ನಿಜ, ಆದರೆ ಎರಡು ಆಕ್ಸಲ್‌ನ ಭಾರವನ್ನು ಒಂದೇ ತಡೆಯುವುದಿಲ್ಲ. ಲೋಡಾದ ಮೇಲೆ ಹಿಂದೆ ನಿಂತು ನೋಡ್ರಿ: ಒಂದು ಆಕ್ಸಲ್‌ನ ಟೈರ್ ಉಬ್ಬಿ, ಲಿಫ್ಟ್ ಟೈರ್ ದುಂಡಗೇ ಉಳಿದಿದ್ದರೆ ಹೊರಡಬ್ಯಾಡ್ರಿ.

ಪರೀಕ್ಷೆ ಖಾಲಿ ಗಾಡಿಯಲ್ಲಿ, ಸಮತಟ್ಟು ಜಾಗದಲ್ಲಿ, ಗಾಲಿಗೆ ಅಡ್ಡ ಕಲ್ಲಿಟ್ಟು ಮಾಡ್ರಿ. ಟ್ಯಾಂಕ್ ತುಂಬಿ “ಫುಸ್” ಅಂತ ಗಾಳಿ ಬಿಡುವವರೆಗೂ ಇಂಜಿನ್ ಓಡಿಸಿ ಬಂದ್ ಮಾಡ್ರಿ. ಆಕ್ಸಲ್ ಎತ್ತಿಟ್ಟು ಪ್ರೆಶರ್ ಮೀಟರಿನ ಫೋಟೋ ತೆಗೀರಿ, ಹತ್ತು ನಿಮಿಷ ಬಿಟ್ಟು ಇನ್ನೊಂದು. ಮತ್ತೆ ಟ್ಯಾಂಕ್ ತುಂಬಿಸಿ, ಆಕ್ಸಲ್ ಇಳಿಸಿ ಹಾಗೇ ಮಾಡ್ರಿ. ಎತ್ತಿದಾಗ ಮಾತ್ರ ಮುಳ್ಳು ಇಳಿದರೆ ಸೋರಿಕೆ ಎತ್ತುವ ಬೆಲ್ಲೋದ ಕಡೆ. ಇಳಿಸಿದಾಗ ಮಾತ್ರ ಇಳಿದರೆ ಒತ್ತುವ ಬೆಲ್ಲೋದ ಕಡೆ. ಎರಡೂ ಸಲ ಇಳಿದರೆ ಬೆಲ್ಲೋ ಒಂದರ ಮೇಲೇ ಅನುಮಾನ ಬ್ಯಾಡ. ಟ್ಯಾಂಕು, ವಾಲ್ವು, ಬ್ರೇಕಿನ ಪೈಪು ಹುಡುಕ್ರಿ. ಅದು ಬ್ರೇಕಿನ ಗಾಳಿ, ನಾಳೆ ನೋಡಿದರಾಯಿತು ಅನ್ನುವಂಥದ್ದಲ್ಲ.

ಯಾವ ಕಡೆ ಅಂತ ಗೊತ್ತಾದ ಮೇಲೆ ಸೋಪಿನ ನೊರೆ ಹಚ್ರಿ. ಮೊದಲು ಜಾಯಿಂಟು, ಆಮೇಲೆ ಪೈಪು ಚಾಸಿಗೆ ಉಜ್ಜುವ ಜಾಗ, ಕಡೆಗೆ ಬೆಲ್ಲೋದ ಮಡಿಕೆ. ನಮ್ಮ ಎರಿ ಮಣ್ಣು ಮಡಿಕೆಯಲ್ಲಿ ಒಣಗಿ ಕಲ್ಲಾಗಿ ರಬ್ಬರ್ ಕೊರೆಯುತ್ತದೆ, ಹಂಗಾಗಿ ತೊಳೆದೇ ನೋಡ್ರಿ. ಬಿಸಿಲಿಗೆ ಬರುವ ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಒಳಗಿನ ದಾರ ಕಂಡರೆ ಮಾತ್ರ ಬದಲಿಸಲೇಬೇಕು.

ಗಾಳಿ ಎಲ್ಲೂ ಸೋರದೆ ಆಕ್ಸಲ್ ಏಳುತ್ತಿಲ್ಲವೆಂದರೆ ಸ್ವಿಚ್ಚಿನ ಫ್ಯೂಜ್, ವಾಲ್ವಿನ ವೈರ್ ನೋಡ್ರಿ. ಟ್ಯಾಂಕಿನ ಕೆಳಗಿನ ಡ್ರೇನ್ ಎಳೆದಾಗ ನೀರು, ಎಣ್ಣೆ ಸುರಿದರೆ ಏರ್ ಡ್ರೈಯರ್ ಕೆಲಸ ನಿಲ್ಲಿಸಿರಬಹುದು. ಹೊಸ ವಾಲ್ವ್ ಹಾಕಿದರೂ ಅದೂ ಕೆಡುತ್ತದೆ.

ಗಾಳಿಯ ಮೇಲೆ ನಿಂತ ಆಕ್ಸಲ್ ಕೆಳಗೆ ತಲೆ ಹಾಕಬ್ಯಾಡ್ರಿ. ಕಟ್ಟಿಗೆ ದಿಮ್ಮಿ ಕೊಟ್ಟ ಮೇಲೇ ಕೈ. ಬೆಲ್ಲೋ ಬಿಚ್ಚುವುದಂತೂ ಗಾಳಿ ಪೂರ್ತಿ ಇಳಿಸಿದ ಮೇಲೆ, ಅದೂ ಮೆಕ್ಯಾನಿಕ್ ಕೈಯಲ್ಲಿ. ಮೀಟರಿನ ಫೋಟೋ, ಗುಳ್ಳೆ ಏಳುವ ವಿಡಿಯೋ ಅವರಿಗೆ ಮೊದಲೇ ವಾಟ್ಸಾಪ್ ಮಾಡ್ರಿ. ಬರುವಾಗ ಬೇಕಾದ ಸಾಮಾನು ತಗೊಂಡೇ ಬರ್ತಾರ.