ಹೆಸರು ಹೇಳದ ಚಿತ್ರಕಥೆಗಾರ

ದುಡಿದವನಿಗೆ ದೊರೆಯತಕ್ಕ ಫಲಗಳು ಎರಡು: ಒಂದು ಕೂಲಿ, ಇನ್ನೊಂದು ಹೆಸರು. ಪರರ ಹೆಸರುಗಳನ್ನು ಹೇಳಲೊಲ್ಲದೆ ತಮ್ಮ ಹೆಸರನ್ನೇ ಬಹುಕಾಲ ಕಳೆದುಕೊಂಡ ಅಮೆರಿಕದ ಚಿತ್ರಕಥೆಗಾರರೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ. ಅವರೇ ಅಬ್ರಹಾಂ ಪೊಲಾನ್‌ಸ್ಕಿ.

ಪೊಲಾನ್‌ಸ್ಕಿಯವರು 1910ರಲ್ಲಿ ನ್ಯೂಯಾರ್ಕಿನ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದರು. ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ನ್ಯಾಯಶಾಸ್ತ್ರವನ್ನು ಓದಿದರೂ, ತಾವು ಕಲಿತ ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವುದೂ ರೇಡಿಯೋ ನಾಟಕಗಳನ್ನು ರಚಿಸುವುದೂ ಅವರಿಗೆ ಹೆಚ್ಚು ಪ್ರಿಯವಾಗಿದ್ದುವು. ಎರಡನೆಯ ಮಹಾಯುದ್ಧದಲ್ಲಿ ದೇಶದ ಗುಪ್ತಚಾರ ಇಲಾಖೆಯಲ್ಲಿ ಸೇವೆ ಸಲ್ಲಿಸಿ, ಅನಂತರ ಹಾಲಿವುಡ್ಡನ್ನು ಸೇರಿದರು.

1947ರಲ್ಲಿ ತೆರೆಕಂಡ ‘ಬಾಡಿ ಅಂಡ್ ಸೋಲ್’ ಎಂಬ ಮುಷ್ಟಿಮಲ್ಲನ ಕಥೆ ಅವರಿಗೆ ಕೀರ್ತಿಯನ್ನು ತಂದಿತು. ಮರುವರ್ಷ ‘ಫೋರ್ಸ್ ಆಫ್ ಈವಿಲ್’ ಚಿತ್ರವನ್ನು ತಾವೇ ನಿರ್ದೇಶಿಸಿದರು. ಬಡವರ ಕಾಸನ್ನು ನುಂಗುವ ಜೂಜಿನ ವ್ಯವಹಾರದಲ್ಲಿ ಸಿಲುಕಿದ ಅಣ್ಣತಮ್ಮಂದಿರ ಕಥೆ ಅದು. ದುಡ್ಡಿನಾಶೆ ಒಡಹುಟ್ಟಿದವರನ್ನೂ ಹೇಗೆ ಕೆಡಿಸುವುದೆಂಬುದನ್ನು ಅಲ್ಲಿ ಕಾಣಬಹುದು.

ಆ ವೇಳೆಗೆ ಕಮ್ಯೂನಿಸ್ಟರ ಭೀತಿ ಅಮೆರಿಕವನ್ನು ಆವರಿಸಿದ್ದಿತು. ಚಿತ್ರರಂಗದವರನ್ನು ಶಾಸನಸಭೆಯ ವಿಚಾರಣಾ ಸಮಿತಿಯು ಕರೆಯಿಸಿ, ‘ನೀವು ಆ ಪಕ್ಷದವರೇ? ನಿಮ್ಮೊಡನೆ ಇದ್ದವರಾರು?’ ಎಂದು ಕೇಳುತ್ತಿದ್ದಿತು. ಉತ್ತರ ಕೊಡದವರಿಗೆ ಯಾವ ಸ್ಟುಡಿಯೋದಲ್ಲಿಯೂ ಕೆಲಸವಿಲ್ಲ. ಪೊಲಾನ್‌ಸ್ಕಿಯವರು ಆ ಪಕ್ಷದ ಸದಸ್ಯರಾಗಿದ್ದವರು. 1951ರ ಏಪ್ರಿಲಿನಲ್ಲಿ ಅವರ ಸರದಿ ಬಂದಿತು. ಅವರು ಯಾರ ಹೆಸರನ್ನೂ ಹೇಳಲಿಲ್ಲ. ಸಮಿತಿಯ ಸದಸ್ಯರೊಬ್ಬರು ಅವರನ್ನು ಬಹಳ ಅಪಾಯಕರ ಪ್ರಜೆಯೆಂದು ಕರೆದರು. ಹಾಲಿವುಡ್ಡಿನ ಬಾಗಿಲು ಮುಚ್ಚಿತು.

ಹೆಂಡತಿ ಮಕ್ಕಳನ್ನು ಸಾಕಬೇಕಾದವನು ಲೇಖನಿಯನ್ನು ಕೆಳಗಿಡುವುದೆಂತು? ವಾಲ್ಟರ್ ಬರ್ನ್‌ಸ್ಟೈನ್, ಆರ್ನಲ್ಡ್ ಮ್ಯಾನಾಫ್ ಎಂಬ ಇನ್ನಿಬ್ಬರು ಬಹಿಷ್ಕೃತರೊಡನೆ ಸೇರಿ, ಪರರ ಹೆಸರಿನಲ್ಲಿ ‘ಯು ಆರ್ ದೇರ್’ ಎಂಬ ಟೆಲಿವಿಷನ್ ಮಾಲೆಗೆ ಬರೆದರು. ಸಾಕ್ರಟೀಸನ ಮರಣ, ಗೆಲಿಲಿಯೋವಿನ ವಿಚಾರಣೆ ಮೊದಲಾದುವು ಅದರ ವಸ್ತುಗಳು. ತಮಗಾದುದನ್ನು ಹಿಂದಿನವರ ಬಾಯಿಂದ ನುಡಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಯಾವುದಿದ್ದೀತು! 1959ರ ‘ಆಡ್ಸ್ ಅಗೇನ್ಸ್ಟ್ ಟುಮಾರೊ’ ಚಿತ್ರಕ್ಕೂ ಜಾನ್ ಕಿಲ್ಲೆನ್ಸ್ ಎಂಬ ಕಾದಂಬರಿಕಾರರು ತಮ್ಮ ಹೆಸರನ್ನು ಎರವಲಿತ್ತರು.

1968ರಲ್ಲಿ ‘ಮ್ಯಾಡಿಗನ್’ ಚಿತ್ರದೊಡನೆ ಅವರ ಸ್ವಂತ ಹೆಸರು ತೆರೆಗೆ ಮರಳಿತು. ಎರಡನೆಯ ಚಿತ್ರವನ್ನು ನಿರ್ದೇಶಿಸುವ ಯೋಗ 1969ರಲ್ಲಿ, ಎಂದರೆ 21 ವರ್ಷಗಳ ತರುವಾಯ, ಒದಗಿತು.

ಮುಂದೆ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಚಲಚ್ಚಿತ್ರ ಶಾಲೆಯಲ್ಲಿ ಅಧ್ಯಾಪಕರಾಗಿ, ತತ್ತ್ವಜ್ಞಾನದ ಪಾಠ ಹೇಳಿದರು. ಯೌವನದಲ್ಲಿ ಬಿಟ್ಟ ಗುರುಪೀಠವು ಮುಪ್ಪಿನಲ್ಲಿ ಮತ್ತೆ ಲಭಿಸಿತು. 1996ರಲ್ಲಿ ಲೇಖಕರ ಸಂಘವು ಕಿಲ್ಲೆನ್ಸರ ಹೆಸರಿನಲ್ಲಿದ್ದ ಚಿತ್ರವನ್ನು ಅವರದೆಂದು ಸಾರಿತು.

1952ರಲ್ಲಿ ಸಮಿತಿಗೆ ಗೆಳೆಯರ ಹೆಸರುಗಳನ್ನು ಒಪ್ಪಿಸಿದ್ದ ನಿರ್ದೇಶಕ ಎಲಿಯಾ ಕಜಾನರಿಗೆ 1999ರಲ್ಲಿ ಆಸ್ಕರ್ ಗೌರವ ಸಂದಾಗ, 88ರ ಈ ವೃದ್ಧರು ಬಹಿರಂಗವಾಗಿ ಪ್ರತಿಭಟಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ತೀರಿಕೊಂಡರು.

ಅವರಿಗೆ ಕೂಲಿ ದೊರೆಯಿತು, ಹೆಸರೂ ಮರಳಿತು. ಮರಳದೆ ಹೋದುವು, ಅವರು ನಿರ್ದೇಶಿಸಬಹುದಾಗಿದ್ದ ಚಿತ್ರಗಳು.